ಅರವತ್ತೆರಡೂವರೆ ಸಾವಿರ ಹ್ಯಾಂಡ್‌ಗಳ ಲೆಕ್ಕ: ಪೋಕರ್‌ಟ್ರ್ಯಾಕರ್ 4 ಬಳಸಿ ನೋಡಿದ ಮೇಲೆ

ಆಡಿದ ಪೋಕರ್ ಆಟಗಳ ಲೆಕ್ಕ ತೋರಿಸುವ ಪೋಕರ್‌ಟ್ರ್ಯಾಕರ್ 4 ಎಂಬ ತಂತ್ರಾಂಶವನ್ನು ನಾನು ಕೊಂಡದ್ದು ಒಂದು ವಾದವನ್ನು ತೀರಿಸಿಕೊಳ್ಳುವುದಕ್ಕೆ. 2024ರಲ್ಲಿ ಕೊಡಗಿನ ಕೈಲ್ ಮುಹೂರ್ತ ಹಬ್ಬದ ಮರುದಿನ ಗೋಣಿಕೊಪ್ಪಲಿನ ನೆಂಟರ ಮನೆಯಲ್ಲಿ ಊಟ ಮುಗಿಸಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುತ್ತಿದ್ದಾಗ ಮಾತು ಪೋಕರ್ ಕಡೆ ಹೊರಳಿತು. ಎರಡರಿಂದ ಆರರವರೆಗಿನ ಸಣ್ಣ ಜೋಡಿಗಳು ಕೈಗೆ ಬಂದರೆ, ಮೊದಲು ಮಾತಾಡಬೇಕಾದ ಜಾಗದಲ್ಲಿ ಕುಳಿತಿದ್ದರೂ ಆಡಲೇಬೇಕು, ಫ್ಲಾಪ್‌ನಲ್ಲಿ (ಮೇಜಿನ ನಡುವೆ ಎಲ್ಲರಿಗೂ ಸೇರಿ ಮೊದಲು ತೆರೆಯುವ ಮೂರು ಎಲೆಗಳಲ್ಲಿ) ಅದೇ ಅಂಕಿಯ ಮೂರನೆಯ ಎಲೆ ಸಿಕ್ಕಿತೆಂದರೆ ಎದುರಿನವನ ಹಣವೆಲ್ಲ ನಮ್ಮದು ಎಂಬ ಹಳೆಯ ಪಾಠವನ್ನು ನಾನು ಒಪ್ಪಿಸಿದೆ. ಚಿಕ್ಕಪ್ಪನ ಮಗ ತಲೆಯೆತ್ತಿ, ‘ಮಳೆಗೆ ಸೆಂಟು ಸೆಂಟಿನ ಲೆಕ್ಕ ಇಡ್ತೀರಲ್ಲ ಅಣ್ಣ, ಇದಕ್ಕೆ ಯಾಕೆ ಇಟ್ಟಿಲ್ಲ?’ ಎಂದು ಕೇಳಿದ. ಉತ್ತರವಿರಲಿಲ್ಲ. ಸಿದ್ದಾಪುರದ ಕಡೆಯ ನಮ್ಮ ತೋಟದಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಟ್ಟ ಪುಸ್ತಕಗಳು ಅಪ್ಪನ ಕಾಲದಿಂದಲೂ ಇವೆ. ಮೂರು ವರ್ಷ ಹಣವಿಟ್ಟು ಆಡಿದ ಪೋಕರ್‌ಗೆ ಮಾತ್ರ ನನ್ನಲ್ಲಿದ್ದದ್ದು ನೆನಪು, ಮತ್ತು ಯಾರೋ ಬರೆದ ಬುದ್ಧಿಮಾತುಗಳು.

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಆನ್‌ಲೈನ್ ಜೂಜನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿದ ನಂತರ ನಾನು ಆಡಲು ತೊಡಗಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ವಾರವೇ ನಿಲ್ಲಿಸಿದೆ. ಆದ್ದರಿಂದ ಇದು ಆಡಲು ಪ್ರೇರೇಪಿಸುವ ಬರಹವಲ್ಲ. ಆಟ ಮುಗಿದಿದೆ, ದಾಖಲೆ ಉಳಿದಿದೆ, ಇನ್ನು ಹೊಸದೊಂದು ಸಾಲು ಅದಕ್ಕೆ ಸೇರುವುದಿಲ್ಲ. ಲೆಕ್ಕ ಪರಿಶೀಲಿಸುವವನಿಗೆ ಇದಕ್ಕಿಂತ ಅನುಕೂಲದ ಸ್ಥಿತಿ ಬೇರೆಯಿಲ್ಲ, ಏಕೆಂದರೆ ‘ನಾಳೆ ಸರಿಹೋಗುತ್ತದೆ’ ಎಂದುಕೊಳ್ಳುವ ದಾರಿಯೇ ಮುಚ್ಚಿಹೋಗಿದೆ.

ತಂತ್ರಾಂಶ ಮಾಡುವ ಕೆಲಸ ಸರಳ. ಆಡುವ ತಾಣವು ಪ್ರತಿ ಹ್ಯಾಂಡ್‌ನ (ಎಲೆ ಹಂಚಿ ಆಡಿದ ಒಂದು ಸುತ್ತಿನ) ವಿವರವನ್ನು, ಅಂದರೆ ಯಾರು ಯಾವ ಜಾಗದಲ್ಲಿದ್ದರು, ನಮಗೆ ಯಾವ ಎರಡು ಎಲೆ ಬಂದವು, ಯಾರು ಎಷ್ಟು ಕಟ್ಟಿದರು, ಯಾರು ಬಿಟ್ಟರು ಎಂಬುದನ್ನು, ಪಠ್ಯ ಕಡತವಾಗಿ ನಮ್ಮ ಕಂಪ್ಯೂಟರಿನಲ್ಲಿ ಉಳಿಸುತ್ತದೆ. ಪೋಕರ್‌ಟ್ರ್ಯಾಕರ್ ಆ ಕಡತಗಳನ್ನು ಓದಿ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಜೋಡಿಸಿಡುತ್ತದೆ. ಆಮೇಲೆ ನಾವು ಕೇಳಿದಂತೆ ಸೋಸಿ ಕೊಡುತ್ತದೆ: ಬಟನ್ ಜಾಗದಲ್ಲಿ (ಫ್ಲಾಪ್‌ನ ನಂತರ ಎಲ್ಲರಿಗಿಂತ ಕೊನೆಗೆ ಮಾತಾಡುವ ಜಾಗದಲ್ಲಿ) ಕುಳಿತಾಗ ಮಾತ್ರ, ಎಕ್ಕ-ರಾಜ ಬಂದಾಗ ಮಾತ್ರ, ಫ್ಲಾಪ್‌ನಲ್ಲಿ ಎದುರಾಳಿ ಒಬ್ಬನೇ ಇದ್ದಾಗ ಮಾತ್ರ, ಹೀಗೆ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ. ಹಣ ಕೊಡುವ ಮೊದಲು ಹದಿನಾಲ್ಕು ದಿನ ಉಚಿತವಾಗಿ ಬಳಸಿ ನೋಡಬಹುದು.  ಆಡುವಾಗ ಎದುರಾಳಿಗಳ ಅಂಕಿಗಳನ್ನು ಮೇಜಿನ ಮೇಲೆಯೇ ತೋರಿಸುವ ಸೌಲಭ್ಯವೂ ಅದರಲ್ಲಿದೆ. ಹೆಚ್ಚಿನವರು ಅದಕ್ಕಾಗಿಯೇ ಕೊಳ್ಳುತ್ತಿದ್ದರು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಈಗಂತೂ ಅದರ ಉಪಯೋಗವೂ ಇಲ್ಲ.

ನನ್ನ ಬಳಿಯಿದ್ದದ್ದು ಆರು ಜನರ ಮೇಜಿನ ಟೆಕ್ಸಸ್ ಹೋಲ್ಡೆಮ್‌ನ ಸುಮಾರು 62,500 ಹ್ಯಾಂಡ್‌ಗಳು, ಹತ್ತು ರೂಪಾಯಿಯ ಬಿಗ್ ಬ್ಲೈಂಡ್‌ನ (ಎಲೆ ನೋಡುವ ಮೊದಲೇ ಸರದಿಯಂತೆ ಒಬ್ಬ ಕಡ್ಡಾಯವಾಗಿ ಕಟ್ಟುವ ಮೊತ್ತದ) ಸಣ್ಣ ಆಟ. ಅಷ್ಟನ್ನೂ ಒಳಗೆ ತೆಗೆದುಕೊಂಡು ಪರದೆಯ ಮೇಲೆ ಅದು ಮೊದಲು ತೋರಿಸಿದ ಅಂಕಿ: ನೂರು ಹ್ಯಾಂಡ್‌ಗೆ 2 ಬಿಗ್ ಬ್ಲೈಂಡ್ ಲಾಭ. ಒಟ್ಟು 1,250 ಬಿಗ್ ಬ್ಲೈಂಡ್, ಅಂದರೆ ಮೂರು ವರ್ಷಕ್ಕೆ 12,500 ರೂಪಾಯಿ. ಕಾಳುಮೆಣಸಿನ ಕೊಯ್ಲಿನ ಕೂಲಿಗೂ ಸಾಲದ ಮೊತ್ತವಾದರೂ, ಹಸಿರು ಬಣ್ಣದಲ್ಲಿ ಅದನ್ನು ಕಂಡಾಗ ಎದೆಯುಬ್ಬಿದ್ದು ನಿಜ.

ಆ ಹಿಗ್ಗು ಒಂದು ಸಂಜೆಯಷ್ಟೇ ಉಳಿಯಿತು. ಆರು ಜನರ ನೋ-ಲಿಮಿಟ್ (ಮುಂದಿರುವ ಹಣದಲ್ಲಿ ಎಷ್ಟು ಬೇಕಾದರೂ ಕಟ್ಟಬಹುದಾದ) ಆಟದಲ್ಲಿ ಫಲಿತಾಂಶದ ಏರಿಳಿತ, ಸಂಖ್ಯಾಶಾಸ್ತ್ರದವರು ಪ್ರಮಾಣಿತ ವಿಚಲನೆ ಎನ್ನುವುದು, ನೂರು ಹ್ಯಾಂಡ್‌ಗೆ ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್‌ನ ಆಸುಪಾಸಿನಲ್ಲಿರುತ್ತದೆ. 100 ಎಂದೇ ಇಟ್ಟುಕೊಳ್ಳೋಣ. 62,500 ಹ್ಯಾಂಡ್ ಎಂದರೆ ನೂರರ 625 ಕಟ್ಟುಗಳು. 625ರ ವರ್ಗಮೂಲ 25. ನೂರನ್ನು ಇಪ್ಪತ್ತೈದರಿಂದ ಭಾಗಿಸಿದರೆ ನಾಲ್ಕು. ಶೇಕಡಾ 95ರ ಭರವಸೆಯಿಂದ ಹೇಳಬೇಕೆಂದರೆ ಇದರ ಎರಡು ಪಟ್ಟನ್ನು ಆಚೆ ಈಚೆ ಬಿಟ್ಟುಕೊಡಬೇಕು. ಹಾಗಾಗಿ ನನ್ನ ನಿಜವಾದ ದರ 6 ನಷ್ಟದಿಂದ 10 ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೂರು ವರ್ಷ ಆಡಿದ ಮೇಲೂ ನಾನು ಗೆಲ್ಲುವ ಆಟಗಾರನೋ ಸೋಲುವವನೋ ಎಂದು ನನ್ನದೇ ದಾಖಲೆ ಹೇಳಲಾರದು. ಸಾಂಪ್ರದಾಯಿಕ ಬುದ್ಧಿಮಾತನ್ನು ಸ್ವಂತ ಅಂಕಿಗಳಿಂದ ಒರೆಗೆ ಹಚ್ಚುತ್ತೇನೆಂದು ಹೊರಟವನು ಮೊದಲು ಒರೆಗಲ್ಲನ್ನೇ ಪರೀಕ್ಷಿಸಬೇಕಾಯಿತು.

ವಾದಕ್ಕೆ ಕಾರಣವಾದ ಸಣ್ಣ ಜೋಡಿಗಳ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನು ಬಿಚ್ಚಿಯೇ ಹೇಳುತ್ತೇನೆ. ಸೋಸಿ ನೋಡಿದಾಗ, ಮೇಜಿನ ಮೊದಲ ಎರಡು ಜಾಗಗಳಲ್ಲಿ ಎರಡರಿಂದ ಆರರವರೆಗಿನ ಜೋಡಿ ನನಗೆ ಬಂದದ್ದು 470 ಸಲ, ಫಲಿತಾಂಶ ನೂರಕ್ಕೆ 31 ಬಿಗ್ ಬ್ಲೈಂಡ್ ನಷ್ಟ. ನಾನೇ ಒಪ್ಪಿಸಿದ ಹಳೆಯ ಪಾಠ ಸುಳ್ಳೆಂದು ನನ್ನ ಅಂಕಿಗಳೇ ಹೇಳುತ್ತಿವೆ ಎಂಬ ಉತ್ಸಾಹದಲ್ಲಿ ಚಿಕ್ಕಪ್ಪನ ಮಗನಿಗೆ ಅಂದೇ ಫೋನ್ ಮಾಡಿ ಸೋಲೊಪ್ಪಿಕೊಂಡೆ. ಮರುದಿನ ಆ 470 ಹ್ಯಾಂಡ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಫ್ಲಾಪ್‌ನಲ್ಲಿ ಮೂರನೆಯ ಎಲೆ ಸಿಕ್ಕಿ, ಹಣವೆಲ್ಲ ನಡುವೆ ಹೋಗಿ, ಎದುರಿನವನಿಗೆ ಅದಕ್ಕಿಂತ ದೊಡ್ಡ ಮೂರು ಬಂದು ಪೂರ್ತಿ ನೂರು ಬಿಗ್ ಬ್ಲೈಂಡ್ ಕಳೆದುಕೊಂಡ ಎರಡು ಹ್ಯಾಂಡ್‌ಗಳು ಅದರಲ್ಲಿದ್ದವು. ಆ ಎರಡನ್ನು ಪಕ್ಕಕ್ಕಿಟ್ಟರೆ ಉಳಿದದ್ದು ನೂರಕ್ಕೆ ಸುಮಾರು 12 ಲಾಭ! 470ರಲ್ಲಿ ಎರಡು ಹ್ಯಾಂಡ್ ಇಡೀ ತೀರ್ಪನ್ನು ಬುಡಮೇಲು ಮಾಡುವುದಾದರೆ ಅದನ್ನು ತೀರ್ಪು ಎನ್ನಲಾಗದು. ನಮ್ಮ ಮಳೆ ಪುಸ್ತಕದಲ್ಲಿ ಅತಿವೃಷ್ಟಿಯ 2018ರ ಆಗಸ್ಟ್ ಪುಟ ಹಾಗೆಯೇ ಕೂತಿದೆ. ಕೆಲವೇ ವರ್ಷಗಳ ಸರಾಸರಿ ತೆಗೆಯುವಾಗ ಆ ತಿಂಗಳನ್ನು ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಹಾಗೆಂದು ನಡೆದದ್ದನ್ನು ನಡೆಯಲಿಲ್ಲ ಎನ್ನಲೂ ಆಗದು.

ಲೆಕ್ಕ ಹಾಕಿದರೆ ಈ ಪ್ರಶ್ನೆಗೆ ನನ್ನ ದಾಖಲೆ ಎಂದೂ ಉತ್ತರ ಕೊಡಲಾರದು ಎಂದು ಮೊದಲೇ ತಿಳಿಯಬಹುದಿತ್ತು. ಯಾವುದೇ ಒಂದು ನಿರ್ದಿಷ್ಟ ಜೋಡಿ 221 ಹ್ಯಾಂಡ್‌ಗೆ ಒಮ್ಮೆ ಬರುತ್ತದೆ. ಬಂದ ಜೋಡಿ ಫ್ಲಾಪ್‌ನಲ್ಲಿ ಮೂರಾಗುವುದು ಎಂಟೂವರೆ ಸಲಕ್ಕೆ ಒಮ್ಮೆ. ಎಂದರೆ 470 ಜೋಡಿಗಳನ್ನೂ ಬಿಡದೆ ಆಡಿ, ಪ್ರತಿ ಸಲವೂ ಫ್ಲಾಪ್ ನೋಡಿದ್ದರೂ ಮೂರು ಸಿಗುತ್ತಿದ್ದದ್ದು ಸುಮಾರು 55 ಸಲ. ಅದರಲ್ಲಿ ಎದುರಾಳಿ ದೊಡ್ಡ ಮೊತ್ತ ಕಟ್ಟುವ ಸಂದರ್ಭಗಳು ಬೆರಳೆಣಿಕೆಯಷ್ಟು. ಲಾಭವೆಲ್ಲ ಆ ಬೆರಳೆಣಿಕೆಯ ಮೇಲೆ ನಿಂತಿರುವಾಗ ಸರಾಸರಿ ಎಂಬ ಪದಕ್ಕೆ ಅರ್ಥವೇ ಇಲ್ಲ. ಇನ್ನೊಂದು ಬಲೆಯೂ ಇದೆ. ಬಣ್ಣ ಕೂಡಿದ್ದು (ಎರಡೂ ಎಲೆ ಒಂದೇ ಜಾತಿಯವು), ಕೂಡದ್ದು ಎಂದು ಬೇರೆ ಮಾಡಿದರೆ ಆರಂಭದ ಎರಡೆಲೆಗಳಲ್ಲಿ ಒಟ್ಟು 169 ಬಗೆಗಳು. ತಂತ್ರಾಂಶ ಅಷ್ಟನ್ನೂ ಒಂದು ಪಟ್ಟಿಯಲ್ಲಿ ಲಾಭ ನಷ್ಟದ ಬಣ್ಣ ಹಚ್ಚಿ ತೋರಿಸುತ್ತದೆ. ಇಪ್ಪತ್ತಕ್ಕೆ ಒಂದು ಬರಿಯ ಆಕಸ್ಮಿಕದಿಂದಲೇ ಅಚ್ಚರಿಯಾಗಿ ಕಾಣುತ್ತದೆ ಎಂದಿಟ್ಟುಕೊಂಡರೂ ಎಂಟೊಂಬತ್ತು ‘ಆವಿಷ್ಕಾರ’ಗಳು ಪುಕ್ಕಟೆಯಾಗಿ ಸಿಗುತ್ತವೆ. ನನ್ನ ಪಟ್ಟಿಯಲ್ಲಿ ಗುಲಾಮ-ಎಂಟು ರಾಜ-ರಾಣಿಗಿಂತ ಹೆಚ್ಚು ಗಳಿಸಿತ್ತು. ಅದನ್ನು ನಂಬಿ ಆಡುವಷ್ಟು ಮರುಳು ನನಗೆ ಆ ಹೊತ್ತಿಗೆ ಉಳಿದಿರಲಿಲ್ಲ.

ಹಾಗಾದರೆ ಹಣ ಕೊಟ್ಟು ಕೊಂಡದ್ದು ವ್ಯರ್ಥವೇ ಎಂದರೆ, ಅಲ್ಲ. ಕೇಳುವ ಪ್ರಶ್ನೆಯನ್ನು ಬದಲಿಸಿದ ಮೇಲೆ ಅದೇ ದಾಖಲೆ ಖಚಿತವಾಗಿ ಮಾತಾಡಲು ತೊಡಗಿತು.

ಬಿಗ್ ಬ್ಲೈಂಡ್ ಜಾಗವನ್ನು ತೆಗೆದುಕೊಳ್ಳಿ. ಅಲ್ಲಿ ನನ್ನ ಫಲಿತಾಂಶ ನೂರಕ್ಕೆ 36 ನಷ್ಟ, ಅದರ ಅರ್ಧದಷ್ಟು ಕಡ್ಡಾಯವಾಗಿ ಕಟ್ಟುವ ಸ್ಮಾಲ್ ಬ್ಲೈಂಡ್‌ನಲ್ಲಿ 18 ನಷ್ಟ. ಬೇರೆ ನಾಲ್ಕು ಜಾಗಗಳಲ್ಲಿ ಲಾಭ, ಬಟನ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು. ಕೆಂಪು ಬಣ್ಣದ ಆ ಎರಡು ಸಾಲುಗಳನ್ನು ಕಂಡವರು ಯಾರೇ ಆದರೂ ಹಳೆಯ ಬುದ್ಧಿಮಾತಿಗೇ ಮರಳುತ್ತಾರೆ: ಬ್ಲೈಂಡ್‌ಗೆ ಹಾಕಿದ ಹಣ ಹೋಯಿತೆಂದೇ ತಿಳಿದು, ಬಲವಾದ ಎಲೆ ಬಂದರೆ ಮಾತ್ರ ಮುಂದುವರಿಯಬೇಕು. ನಾನೂ ಎರಡು ವರ್ಷ ಹಾಗೆಯೇ ನಂಬಿದ್ದೆ, ಆದರೆ ಎಲೆ ಬಿಡಲು ಮನಸ್ಸಾಗದೆ ಆಡುತ್ತಲೂ ಇದ್ದೆ, ಆಡಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಲೂ ಇದ್ದೆ. ನಿಜವಾಗಿ ಹೋಲಿಸಬೇಕಾದದ್ದು ಸೊನ್ನೆಯೊಂದಿಗಲ್ಲ. ಬಿಗ್ ಬ್ಲೈಂಡ್‌ನಲ್ಲಿ ಕುಳಿತು ಪ್ರತಿ ಸಲವೂ ಎಲೆ ಬಿಟ್ಟರೆ ಆಗುವ ನಷ್ಟ ನೂರಕ್ಕೆ ನೂರು, ಸ್ಮಾಲ್ ಬ್ಲೈಂಡ್‌ನಲ್ಲಿ ಐವತ್ತು. ಆ ನೂರಕ್ಕೆ ಹೋಲಿಸಿದರೆ ನನ್ನ 36 ನಷ್ಟ ಎನ್ನುವುದು 64ರ ಉಳಿತಾಯ. ಈ ಜಾಗದಲ್ಲಿ ನಾನು ಆಡಿದ ಹ್ಯಾಂಡ್‌ಗಳು ಹತ್ತು ಸಾವಿರಕ್ಕೂ ಸ್ವಲ್ಪ ಹೆಚ್ಚು, ದೋಷಮಿತಿ ಆಚೆ ಈಚೆ 20. 64ರ ಅಂತರವನ್ನು 20ರ ದೋಷ ಅಳಿಸಲಾರದು.

ಇದಕ್ಕೆ ಕಾರಣವನ್ನು ಅಂಕಿಯಿಲ್ಲದೆಯೂ ವಿವರಿಸಬಹುದು. ಬಟನ್‌ನಲ್ಲಿದ್ದವನು ಎರಡೂವರೆ ಬಿಗ್ ಬ್ಲೈಂಡ್‌ಗೆ ಏರಿಸಿದ, ಸ್ಮಾಲ್ ಬ್ಲೈಂಡ್‌ನವನು ಬಿಟ್ಟ ಎನ್ನಿ. ನಡುವೆ ಆಗಲೇ ನಾಲ್ಕು ಇದೆ, ನಾನು ಹಾಕಬೇಕಾದದ್ದು ಒಂದೂವರೆ. ಐದೂವರೆಯ ಪಾಟ್‌ಗಾಗಿ (ನಡುವೆ ಕೂಡುವ ಹಣಕ್ಕಾಗಿ) ಒಂದೂವರೆ ಕೊಡುವುದಾದರೆ ನನಗೆ ಬೇಕಾದ ಗೆಲುವಿನ ಪಾಲು ಶೇ. 27ಕ್ಕಿಂತ ಚೂರು ಹೆಚ್ಚು. ಬಣ್ಣ ಕೂಡಿದ ಏಳು-ಆರಕ್ಕೂ ಅಷ್ಟು ಪಾಲು ಸುಲಭವಾಗಿ ಇರುತ್ತದೆ. ಕಡೆಯವರೆಗೂ ಮೊದಲು ಮಾತಾಡಬೇಕಾದ ಅನನುಕೂಲ ಅದರಲ್ಲಿ ಸ್ವಲ್ಪವನ್ನು ತಿನ್ನುತ್ತದೆ, ಎಲ್ಲವನ್ನೂ ಅಲ್ಲ. ‘ಹೋದ ಹಣ ಹೋಯಿತು’ ಎಂಬ ಮಾತು ತತ್ತ್ವವಾಗಿ ಸರಿಯೇ. ಆದರೆ ಆ ಹೋದ ಹಣ ಪಾಟ್‌ನಲ್ಲೇ ಬಿದ್ದಿರುವುದರಿಂದ ಅದನ್ನು ಅಗ್ಗದ ಬೆಲೆಗೆ ಮರಳಿ ಪಡೆಯಬಹುದು ಎಂಬ ಭಾಗವನ್ನು ಆ ಮಾತು ಹೇಳಿದವರು ಮರೆತರು.

ಎರಡನೆಯದು, ಫ್ಲಾಪ್‌ಗೆ ಮೊದಲು ಏರಿಸಿದವನೇ ಫ್ಲಾಪ್‌ನಲ್ಲೂ ಕಟ್ಟಬೇಕು ಎಂಬ ನಿಯಮ. ಇದು ನನಗೆ ಅತ್ಯಂತ ಹೆಚ್ಚು ಕಲಿಸಿದ ಪರೀಕ್ಷೆ. ಇಲ್ಲಿ ನಾನು ಹಣದ ಅಂಕಣವನ್ನು ನೋಡಲೇ ಇಲ್ಲ. ಕೈಯಲ್ಲಿ ಏನೂ ಕೂಡದೆ, ಪಾಟ್‌ನ ಅರ್ಧದಷ್ಟು ಕಟ್ಟಿದಾಗ ಎದುರಾಳಿ ಬಿಟ್ಟದ್ದು ಎಷ್ಟು ಸಲ ಎಂದಷ್ಟೇ ಕೇಳಿದೆ. ಅರ್ಧ ಪಾಟ್ ಕಟ್ಟಿದರೆ ಮೂರರಲ್ಲಿ ಒಂದು ಸಲ ಎದುರಾಳಿ ಬಿಟ್ಟರೂ ಕಟ್ಟಿದ್ದು ಮುಳುಗುವುದಿಲ್ಲ. ಎದುರಾಳಿ ಒಬ್ಬನೇ ಇದ್ದ ಸಂದರ್ಭಗಳು 1,600, ಅವನು ಬಿಟ್ಟದ್ದು ಶೇ. 46. ಹೌದು-ಇಲ್ಲ ಎಂಬ ಉತ್ತರವುಳ್ಳ ಪ್ರಶ್ನೆಗೆ ಏರಿಳಿತ ತೀರಾ ಕಡಿಮೆ. 1,600 ಸಲಕ್ಕೆ ದೋಷಮಿತಿ ಎರಡೂವರೆ ಶೇಕಡಾ ಮಾತ್ರ. ಇಲ್ಲಿಗೆ ಹಳೆಯ ನಿಯಮ ಪಾಸಾಯಿತು. ಎದುರಾಳಿಗಳು ಇಬ್ಬರಿದ್ದ 400 ಸಂದರ್ಭಗಳಲ್ಲಿ ಇಬ್ಬರೂ ಬಿಟ್ಟದ್ದು ಶೇ. 24, ದೋಷಮಿತಿ ನಾಲ್ಕು ಚಿಲ್ಲರೆ. ಮೂವತ್ತಮೂರನ್ನು ಅದು ಎಷ್ಟು ಹಿಗ್ಗಿಸಿದರೂ ಮುಟ್ಟುವುದಿಲ್ಲ. ನಿಯಮವನ್ನು ನಾನು ಓದಿದ ಕಡೆಗಳಲ್ಲೆಲ್ಲ ಈ ಎರಡು ಸಂದರ್ಭಗಳ ನಡುವಿನ ವ್ಯತ್ಯಾಸ ಅಡಿಟಿಪ್ಪಣಿಯಂತೆ ಬರುತ್ತಿತ್ತು, ನಾನು ಅಡಿಟಿಪ್ಪಣಿ ಓದುವವನಲ್ಲ. ಬ್ಲಫ್‌ಗೆ ಎದುರಾಳಿ ಬಿಡದೆ ಅಷ್ಟೇ ಹಣ ಕಟ್ಟಿದ ಮೇಲೂ ಮುಂದಿನ ಎಲೆಗಳಲ್ಲಿ ಕೆಲವು ಸಲ ಗೆಲ್ಲಬಹುದು ಎಂಬುದನ್ನು ಸೇರಿಸಿದರೆ ಈ ಅಂತರ ಸ್ವಲ್ಪ ಕಿರಿದಾಗುತ್ತದೆ. ಆದರೂ ಆ 400 ಸಲವೂ ಕಟ್ಟಿದ್ದನ್ನು ಸಮರ್ಥಿಸಿಕೊಳ್ಳುವಷ್ಟು ಅಲ್ಲ.

ತಡರಾತ್ರಿ ಆಡಬಾರದು ಎಂಬ ಮಾತನ್ನೂ ಇದೇ ರೀತಿ ನೋಡಿದೆ. ಮಳೆಗಾಲದಲ್ಲಿ ಕರೆಂಟ್ ಇರುವ ರಾತ್ರಿಯೇ ಅಪರೂಪವಾದ್ದರಿಂದ, ಇದ್ದಾಗ ಹನ್ನೊಂದು ದಾಟಿದರೂ ಏಳುತ್ತಿರಲಿಲ್ಲ. ರಾತ್ರಿ ಹನ್ನೊಂದರ ನಂತರದ 9,000 ಹ್ಯಾಂಡ್‌ಗಳಲ್ಲಿ ನೂರಕ್ಕೆ 9 ನಷ್ಟ, ಉಳಿದ ಹೊತ್ತಿನಲ್ಲಿ 4 ಲಾಭ. ನೋಡಿದರೆ ಸ್ಪಷ್ಟವೆನಿಸುತ್ತದೆ, ಆದರೆ 13ರ ಈ ಅಂತರಕ್ಕೆ ದೋಷಮಿತಿ 22ರ ಮೇಲಿದೆ. ಹಣ ಏನನ್ನೂ ಸಾಬೀತುಪಡಿಸಲಿಲ್ಲ. ನಡವಳಿಕೆ ಸಾಬೀತುಪಡಿಸಿತು: ನಾನಾಗಿಯೇ ಹಣ ಹಾಕಿ ಆಡಿದ ಹ್ಯಾಂಡ್‌ಗಳ ಪ್ರಮಾಣ ಹಗಲಲ್ಲಿ ಶೇ. 24 ಇದ್ದದ್ದು ಹನ್ನೊಂದರ ನಂತರ ಶೇ. 31ಕ್ಕೆ ಏರಿತ್ತು, ಇದರ ದೋಷಮಿತಿ ಶೇಕಡಾ ಒಂದರಷ್ಟು. ನಿದ್ದೆಗಣ್ಣಿನಲ್ಲಿ ನಾನು ಸೋಲುತ್ತೇನೋ ಇಲ್ಲವೋ ತಿಳಿಯದು, ಬೇರೆ ಮನುಷ್ಯನಾಗಿ ಆಡುತ್ತೇನೆಂಬುದು ಖಾತ್ರಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತೆಂದು ಅಂದೇ ಅಳೆಯಬಹುದು, ಫಸಲಿಗಾದರೆ ಡಿಸೆಂಬರ್‌ವರೆಗೆ ಕಾಯಬೇಕು. ಪೋಕರ್‌ನ ಹಣವೂ ಹಾಗೆ ನಿಧಾನದ ಫಸಲು, ಒಂದೆರಡು ಲಕ್ಷ ಹ್ಯಾಂಡ್ ದಾಟದೆ ಕಣಕ್ಕೆ ಬರುವುದಿಲ್ಲ.

ತಂತ್ರಾಂಶದಲ್ಲಿ ಲೀಕ್‌ಟ್ರ್ಯಾಕರ್ ಎಂಬ ವಿಭಾಗವಿದೆ. ನಮ್ಮ ಆಟದ ಪ್ರಮಾಣಗಳನ್ನು ಗೆಲ್ಲುವ ಆಟಗಾರರ ಪ್ರಮಾಣಗಳೊಂದಿಗೆ ಹೋಲಿಸಿ ಎಲ್ಲಿ ಸೋರುತ್ತಿದೆ ಎಂದು ಸೂಚಿಸುತ್ತದೆ. ಹೊಸಬರಿಗೆ ಉಪಕಾರಿ. ನನಗೆ ಅದರಿಂದ ಅಂಥ ಪ್ರಯೋಜನವಾಗಲಿಲ್ಲ, ಏಕೆಂದರೆ ಇತರರ ಸರಾಸರಿ ಎನ್ನುವುದೇ ಅಂಕಿಯ ಉಡುಪು ತೊಟ್ಟ ಸಾಂಪ್ರದಾಯಿಕ ಬುದ್ಧಿಮಾತು. ಆಲ್ ಇನ್ ಆದ (ಮುಂದಿದ್ದ ಹಣವೆಲ್ಲ ಹಾಕಿದ) ಕ್ಷಣದ ಗೆಲುವಿನ ಪಾಲನ್ನು ಹಿಡಿದು ಅದೃಷ್ಟವನ್ನು ಕಳೆದು ತೋರಿಸುವ ಗೆರೆಯ ಬಗ್ಗೆಯೂ ಎಚ್ಚರ ಬೇಕು. ಎರಡು ಎಕ್ಕ ಹಿಡಿದು ಎರಡು ರಾಜರ ಎದುರು ಹಣವೆಲ್ಲ ಹಾಕಿ ಸೋತರೆ ಅದು ನಮ್ಮ ಲೆಕ್ಕಕ್ಕೆ ಶೇ. 82ರಷ್ಟು ಪಾಟನ್ನು ಸೇರಿಸುತ್ತದೆ, ಸರಿ. ಆದರೆ ಎದುರಿನವನಿಗೆ ರಾಜರ ಜೋಡಿಯೇ ಬಂದದ್ದು ನಮ್ಮ ಅದೃಷ್ಟ ಎಂಬುದನ್ನು ಅದು ಕಳೆಯುವುದಿಲ್ಲ. ಸೋತ ದಿನ ಆ ಗೆರೆಯನ್ನು ನೋಡಿ ಸಮಾಧಾನಪಟ್ಟುಕೊಂಡವರಲ್ಲಿ ನಾನೂ ಒಬ್ಬ.

ಯಾವ ತಂತ್ರಾಂಶವೂ ಉತ್ತರಿಸಲಾರದ ಒಂದು ಪ್ರಶ್ನೆಯೂ ಉಳಿಯಿತು. ಮೇಜಿಗೆ ತಂದ ಹಣವನ್ನು ಮೂರು ಸಲ ಕಳೆದುಕೊಂಡರೆ ಮೇಜಿನಿಂದ ಏಳಬೇಕು ಎಂಬ ನಿಯಮವನ್ನು ನಾನು ಮೊದಲ ದಿನದಿಂದ ಪಾಲಿಸಿದ್ದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಬೇಕಾದರೆ ಎದ್ದುಹೋಗದೆ ಕುಳಿತಿದ್ದ ರಾತ್ರಿಗಳು ಬೇಕು. ನಿಯಮ ಪಾಲಿಸಿದ್ದರಿಂದಲೇ ಅಂಥ ಒಂದು ರಾತ್ರಿಯೂ ನನ್ನ ದಾಖಲೆಯಲ್ಲಿಲ್ಲ. ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, ‘ಎದ್ದು ಬಂದದ್ದಕ್ಕೇ ತೋಟ ಉಳಿದಿದೆ ಅಣ್ಣ’ ಎಂದ. ಸಣ್ಣ ಜೋಡಿಗಳ ವಿಷಯದಲ್ಲಿ ನಾನು ಒಪ್ಪಿಕೊಂಡ ಸೋಲನ್ನು ಹಿಂತೆಗೆದುಕೊಂಡದ್ದಕ್ಕೆ ಮಾತ್ರ ಅವನಿನ್ನೂ ಒಪ್ಪಿಲ್ಲ.

ಹಳೆಯ ಕಡತಗಳು ಇರುವವರು, ಕಾಗದದ ಮೇಲೆ ವರ್ಗಮೂಲ ತೆಗೆಯಲು ಬೇಸರವಿಲ್ಲದವರು ಉಚಿತ ಅವಧಿಯಲ್ಲೇ ಇಷ್ಟೆಲ್ಲವನ್ನೂ ನೋಡಿ ಮುಗಿಸಬಹುದು. ಕಡತಗಳು ಇಲ್ಲದವರಿಗೆ ಇದರಿಂದ ಏನೂ ಆಗದು. ನಾನು ಆಡುತ್ತಿದ್ದ ತಾಣಗಳಲ್ಲಿ ಒಂದು ಬಾಗಿಲು ಹಾಕುವ ಮೊದಲೇ ಹಳೆಯ ದಾಖಲೆಗಳನ್ನು ಅಳಿಸಿಹಾಕಿತ್ತು, ಅಲ್ಲಿ ಆಡಿದ ಸುಮಾರು ಎಂಟು ತಿಂಗಳ ಆಟ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಉಳಿದದ್ದರ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ತೇವ ತಗುಲದಂತೆ ಡಬ್ಬಿಯಲ್ಲಿ ಮುಚ್ಚಿ, ಮಳೆ ಪುಸ್ತಕಗಳ ಪಕ್ಕದಲ್ಲೇ ಇಟ್ಟಿದ್ದೇನೆ.